ಒಂಬತ್ತಕ್ಕೆ ಒಂಬತ್ತು ಗೆದ್ದವನು ನಿಜಕ್ಕೂ ಎಷ್ಟು ದೊಡ್ಡ ಫೈಟರ್?

ಪ್ರಶ್ನೆ: ಸರ್, ನಾನು ಗುಬ್ಬಿಯವನು. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಬಟವಾಡಿ ಹತ್ತಿರ ನಾಲ್ಕು ಜನ ಸೇರಿ ರೂಮ್ ಮಾಡಿದ್ದೇವೆ. ಯುಎಫ್‌ಸಿ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎ ಫೈಟ್‌ಗಳನ್ನು ನಡೆಸುವ ಅಮೆರಿಕದ ಸಂಸ್ಥೆ) ಇರುವ ಭಾನುವಾರ ಬೆಳಗ್ಗೆ ನಮ್ಮ ರೂಮಿನಲ್ಲಿ ಯಾರೂ ಮಲಗಲ್ಲ. ಈಗ ಒಬ್ಬ ಹೊಸ ಫೈಟರ್ ವಿಷಯಕ್ಕೆ ದಿನಾ ಜಗಳ. ಒಂಬತ್ತು ಫೈಟ್, ಒಂಬತ್ತೂ ಗೆಲುವು, ಎಲ್ಲವೂ ಮೊದಲ ರೌಂಡಿನಲ್ಲೇ. ಮುಂದಿನ ಚಾಂಪಿಯನ್ ಇವನೇ ಅಂತ ಇಬ್ಬರು ಹೇಳುತ್ತಾರೆ. ಬರೀ ಬಿಲ್ಡಪ್ ಅಂತ ನನ್ನ ವಾದ, ಆದರೆ ಯಾಕೆ ಅಂತ ಬಿಡಿಸಿ ಹೇಳೋಕೆ ಬರಲ್ಲ. ಒಬ್ಬ ಫೈಟರ್ ನಿಜಕ್ಕೂ ಎಷ್ಟು ಒಳ್ಳೆಯವನು ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ? ಇನ್ನೊಂದು ವಿಷಯ. ನಮ್ಮ ಕಡೆಯ ಹುಡುಗನೊಬ್ಬ ‘ನ್ಯಾಷನಲ್ ಎಂಎಂಎ ಗೋಲ್ಡ್ ಮೆಡಲಿಸ್ಟ್’ ಅಂತ ಫ್ಲೆಕ್ಸ್ ಹಾಕಿಸಿದ್ದಾನೆ. ಅದನ್ನು ನಂಬಬಹುದಾ?

ಉತ್ತರ: ಫೈಟರ್ ಹೆಸರನ್ನು ನಿಮ್ಮ ಪ್ರಶ್ನೆಯಿಂದ ತೆಗೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಹೆಸರು ಆರು ತಿಂಗಳಿಗೊಮ್ಮೆ ಬದಲಾಗುತ್ತೆ, ಜಗಳ ಮಾತ್ರ ಅದೇ ಇರುತ್ತೆ. ಹೆಸರು ಇಲ್ಲದಿದ್ದರೆ ಅಭಿಮಾನಿಗಳ ಗಲಾಟೆಯೂ ಸ್ವಲ್ಪ ಕಡಿಮೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಎಷ್ಟು ಗೆದ್ದ ಅಂತ ಎಣಿಸುವುದನ್ನು ಬಿಡಿ, ಅವನಿಗೆ ಕಷ್ಟ ಬಂದ ನಿಮಿಷವನ್ನು ಹುಡುಕಿ. ಅಂದುಕೊಂಡದ್ದು ನಡೆಯದೇ ಹೋದಾಗ, ಮುಖಕ್ಕೆ ಸರಿಯಾಗಿ ಒಂದು ಬಿದ್ದಾಗ, ದಮ್ಮು ಮುಗಿಯುತ್ತಾ ಬಂದಾಗ ಅವನು ಏನು ಮಾಡಿದ? ಅಂಥ ನಿಮಿಷ ಒಂಬತ್ತು ಫೈಟಿನಲ್ಲೂ ಸಿಗದಿದ್ದರೆ ನಿಮ್ಮ ಸ್ನೇಹಿತರ ಹತ್ತಿರ ಸಾಕ್ಷಿ ಇಲ್ಲ. ನಿಮ್ಮ ಹತ್ತಿರವೂ ಇಲ್ಲ. ‘ಬಿಲ್ಡಪ್’ ಅನ್ನೋಕೂ ಪುರಾವೆ ಬೇಕಲ್ವಾ?

ಯುಎಫ್‌ಸಿಯ ಖಮ್ಜಾತ್ ಚಿಮಾಯೆವ್‌ನನ್ನೇ ತೆಗೆದುಕೊಳ್ಳಿ. 2020ರ ಜುಲೈನಲ್ಲಿ ಅಬುಧಾಬಿಯಲ್ಲಿ ಹತ್ತು ದಿನದೊಳಗೆ ಎರಡು ಫೈಟ್ ಗೆದ್ದ. ಸೆಪ್ಟೆಂಬರ್‌ನಲ್ಲಿ ಜೆರಾಲ್ಡ್ ಮೀರ್‌ಶಾರ್ಟ್‌ನನ್ನು ಒಂದೇ ಗುದ್ದಿಗೆ, 17 ಸೆಕೆಂಡಿನಲ್ಲಿ ಮಲಗಿಸಿದ. ಆಮೇಲೆ ಎದ್ದ ಹವಾ ನಿಮಗೆ ನೆನಪಿರಬಹುದು. ಅರ್ಧ ಜನ ಅವನಿಗೆ ಆಗಲೇ ಬೆಲ್ಟ್ ಕಟ್ಟಿಬಿಟ್ಟರು. ಉಳಿದರ್ಧ ಜನ, ಎದುರಾಳಿಗಳೇ ಸರಿಯಿರಲಿಲ್ಲ ಅಂದರು. ಆ 17 ಸೆಕೆಂಡಿನಿಂದ ನಮಗೆ ಗೊತ್ತಾಗಿದ್ದು ಎಷ್ಟು? ಕೈಯಲ್ಲಿ ಬಲ ಇದೆ ಅನ್ನೋದು. ಕೆಳಗೆ ಬಿದ್ದರೆ ಏಳುತ್ತಾನಾ, ಮೂರನೇ ರೌಂಡಿನಲ್ಲಿ ಉಸಿರು ಇರುತ್ತಾ, ಪೆಟ್ಟು ತಿಂದರೆ ತಡೀತಾನಾ, ಇದ್ಯಾವುದಕ್ಕೂ ಅಲ್ಲಿ ಉತ್ತರ ಇರಲಿಲ್ಲ.

ಉತ್ತರ ಶುರುವಾಗಿದ್ದು 2022ರ ಏಪ್ರಿಲ್‌ನಲ್ಲಿ, ಗಿಲ್ಬರ್ಟ್ ಬರ್ನ್ಸ್ ಎದುರು. ಬರ್ನ್ಸ್ ಆಗ ವೆಲ್ಟರ್‌ವೇಟ್ ಅನ್ನೋ ತೂಕದ ವಿಭಾಗದ ಪಟ್ಟಿಯಲ್ಲಿ ಎರಡನೆಯವನು, ನೆಲದ ಮೇಲೆ ಹಿಡಿತ ಹಾಕುವ ಜಿಯು-ಜಿತ್ಸುವಿನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವನು. ಎರಡನೇ ರೌಂಡಿನಲ್ಲಿ ಬರ್ನ್ಸ್‌ನ ಬಲಗೈ ಚಿಮಾಯೆವ್‌ನ ಮುಖಕ್ಕೆ ಸರಿಯಾಗಿ ಬಿತ್ತು. ಚಿಮಾಯೆವ್ ತೂರಾಡಿದ, ಮುಖ ರಕ್ತವಾಯಿತು. ಮೂರನೇ ರೌಂಡಿಗೆ ಎದ್ದು ಬಂದು ಮತ್ತೆ ಮುಂದಕ್ಕೇ ನಡೆದ. ಮೂವರು ಜಡ್ಜ್‌ಗಳೂ 29-28 ಅಂಕ ಕೊಟ್ಟು ಅವನನ್ನೇ ಗೆಲ್ಲಿಸಿದರು. ಆವತ್ತು ಬಹಳ ಜನ ‘ಹವಾ ಇಳೀತು’ ಅಂದರು. ನನ್ನ ಲೆಕ್ಕದಲ್ಲಿ ಅವನ ಮೊದಲ ನಿಜವಾದ ಫೈಟ್ ಅದೇ. ಗದ್ದ ಎತ್ತಿಕೊಂಡು, ಕೈ ಇಳಿಬಿಟ್ಟು ನುಗ್ಗುವ ಚಾಳಿ ಕಣ್ಣಿಗೆ ಬಿತ್ತು. ಆ ಚಾಳಿಗೆ ದಂಡ ಕಟ್ಟಿಯೂ ಕಾಲ ಮೇಲೆ ನಿಲ್ಲಬಲ್ಲ ಅನ್ನೋದೂ ಗೊತ್ತಾಯಿತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 171 ಪೌಂಡಿನ ಮಿತಿಗೆ 178.5 ತೂಗಿದ. ಸುಮಾರು ಮೂರೂವರೆ ಕೆಜಿ ಜಾಸ್ತಿ. ಎದುರಾಳಿಯನ್ನೇ ಬದಲಾಯಿಸಬೇಕಾಯಿತು. ಮಾರನೇ ದಿನ ಕೆವಿನ್ ಹಾಲೆಂಡ್‌ನನ್ನು ಮೊದಲ ರೌಂಡಿನಲ್ಲೇ ಮುಗಿಸಿದ. ಆದರೆ ಆ ಗೆಲುವಿಗಿಂತ ಹಿಂದಿನ ದಿನದ ತೂಕದ ಮೆಷಿನ್ ಅವನ ಬಗ್ಗೆ ಜಾಸ್ತಿ ಹೇಳಿತ್ತು. 2023ರಲ್ಲಿ ಮಾಜಿ ಚಾಂಪಿಯನ್ ಕಮಾರು ಉಸ್ಮಾನ್ ಅವನ ಎದುರು ಸುಮಾರು ಹತ್ತು ದಿನದ ನೋಟಿಸ್‌ನಲ್ಲಿ (ಅಂದರೆ ಅಷ್ಟೇ ದಿನ ಮುಂಚೆ ಒಪ್ಪಿಕೊಂಡು), ಒಂದು ತೂಕದ ವಿಭಾಗ ಮೇಲೆ ಬಂದು ಆಡಿದ. ಮೊದಲ ರೌಂಡ್ ಪೂರ್ತಿ ಚಿಮಾಯೆವ್‌ನದು, ಆಮೇಲೆ ವೇಗ ಇಳಿಯಿತು, ಕೊನೆಗೆ ತೀರ್ಪಿನಲ್ಲಿ ಗೆದ್ದ. ದಮ್ಮಿನ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ, ಶಿಕಾಗೋದಲ್ಲಿ. ಆಗಿನ ಚಾಂಪಿಯನ್ ಡ್ರಿಕಸ್ ಡು ಪ್ಲೆಸಿ ಎದುರು ಐದು ರೌಂಡ್, 25 ನಿಮಿಷ. ಅದರಲ್ಲಿ 21 ನಿಮಿಷಕ್ಕೂ ಹೆಚ್ಚು ಹೊತ್ತು ಎದುರಾಳಿ ಅವನ ಹಿಡಿತದಲ್ಲೇ ಇದ್ದ. ಮೂರೂ ಜಡ್ಜ್‌ಗಳ ಲೆಕ್ಕ 50-44. ಮೊದಲ ಹವಾದಿಂದ ಈ ಉತ್ತರದವರೆಗೆ ಐದು ವರ್ಷ ಹಿಡಿಯಿತು. ನಿಮ್ಮ ರೂಮಿನವರು ಒಂದೇ ರಾತ್ರಿಯಲ್ಲಿ ತೀರ್ಮಾನ ಮಾಡೋಕೆ ಹೊರಟಿದ್ದಾರೆ!

ಇದರ ಇನ್ನೊಂದು ಮುಖ ನಮ್ಮ ದೇಶದಲ್ಲೇ ಇದೆ. ಡೆಹ್ರಾಡೂನ್‌ನ ಅಂಶುಲ್ ಜುಬ್ಲಿ ಸೋಲೇ ಇಲ್ಲದೆ 7-0 ಆಗಿ, ಯುಎಫ್‌ಸಿಗೆ ಏಷ್ಯಾದವರನ್ನು ಆರಿಸುವ ‘ರೋಡ್ ಟು ಯುಎಫ್‌ಸಿ’ ಟೂರ್ನಿ ಗೆದ್ದು ಬಂದವನು. 2023ರ ಅಕ್ಟೋಬರ್‌ನಲ್ಲಿ ಮೈಕ್ ಬ್ರೀಡನ್ ಎದುರು ಮೂರನೇ ರೌಂಡಿನಲ್ಲಿ ನಾಕೌಟ್ ಆದ. 2025ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಕ್ವಿಲನ್ ಸಾಲ್ಕಿಲ್ಡ್ ಎದುರು 19 ಸೆಕೆಂಡಿನಲ್ಲಿ ಸೋತ. ನಮ್ಮವರು ಕಮೆಂಟ್‌ನಲ್ಲಿ ಬರೆದದ್ದನ್ನು ನೋಡಿ ಬೇಸರವಾಯಿತು. ಆ ಎರಡು ಸೋಲಿನಲ್ಲಿ ಪಾಠ ಇರೋದು ಮೊದಲನೆಯದರಲ್ಲಿ. ಎರಡು ರೌಂಡ್ ಅವನ ಯೋಜನೆ ನಡೆಯಿತು, ಮೂರನೆಯದರಲ್ಲಿ ಕೈಕೊಟ್ಟಿತು. ಎಲ್ಲಿ ಕೈಕೊಟ್ಟಿತು ಅಂತ ಕೂತು ನೋಡಬಹುದು. 19 ಸೆಕೆಂಡಿನ ಸೋಲು ಮಾತ್ರ 17 ಸೆಕೆಂಡಿನ ಗೆಲುವಿನಷ್ಟೇ ಕಡಿಮೆ ಹೇಳುತ್ತೆ. ಅದನ್ನು ಹಿಡಿದುಕೊಂಡು ಒಬ್ಬನನ್ನು ದೇವರು ಮಾಡೋದೂ ತಪ್ಪು, ಕಸ ಮಾಡೋದೂ ತಪ್ಪು.

ಈಗ ಎದುರಾಳಿಗಳ ವಿಷಯ. ನಮ್ಮ ಕಡೆ ಜಾತ್ರೆ ಕುಸ್ತಿ ನೋಡಿದವರಿಗೆ ಜೋಡಿ ಕಟ್ಟುವುದು ಗೊತ್ತು. ಗರಡಿಯ ಹಿರಿಯರು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಮೈಕಟ್ಟು, ವಯಸ್ಸು, ಮಟ್ಟಿಯಲ್ಲಿ ಎಷ್ಟು ವರ್ಷ ಕಳೆದಿದ್ದಾರೆ ಅಂತೆಲ್ಲ ನೋಡಿ ಜೋಡಿ ಮಾಡುತ್ತಾರೆ. ಜೋಡಿ ಸರಿಯಿಲ್ಲ ಅಂದರೆ ಜನ ಅಲ್ಲೇ ಕೂಗಾಡುತ್ತಾರೆ. ಎಂಎಂಎಯಲ್ಲೂ ಜೋಡಿ ಕಟ್ಟುವವರಿದ್ದಾರೆ, ಆದರೆ ಅವರಿಗೆ ಸಮಬಲವೇ ಬೇಕು ಅಂತೇನೂ ಇಲ್ಲ. ಟಿಕೆಟ್ ಮಾರುವ ಹುಡುಗ ಸಿಕ್ಕರೆ ಅವನು ಗೆಲ್ಲುವಂಥ ಜೋಡಿಯನ್ನೇ ಹುಡುಕುತ್ತಾರೆ. ಮೋಸ ಅಂತ ಹೇಳಲಾರೆ. ಹೊಸಬರನ್ನು ಬೆಳೆಸೋದೇ ಹಾಗೆ, ಮೊದಲ ವರ್ಷವೇ ಹುಲಿ ಬಾಯಿಗೆ ಯಾರೂ ಕೊಡಲ್ಲ. ಆದರೆ ಆ ಗೆಲುವುಗಳನ್ನು ಓದುವಾಗ ನಮಗೆ ಇದು ಗೊತ್ತಿರಬೇಕು.

ಹಾಗಾಗಿ ಫೈಟರ್‌ಗಳ ಸೋಲು-ಗೆಲುವಿನ ಲೆಕ್ಕ ಇಡುವ ಟ್ಯಾಪಾಲಜಿ, ಶೆರ್‌ಡಾಗ್‌ನಂಥ ವೆಬ್‌ಸೈಟಿನಲ್ಲಿ ನಿಮ್ಮ ಫೈಟರ್ ಪುಟ ತೆಗೆದು, ಅವನನ್ನು ಬಿಟ್ಟು ಎದುರಾಳಿಗಳ ಹೆಸರಿನ ಮೇಲೆ ಒತ್ತಿ. ಫೈಟ್ ಆದ ದಿನ ಎದುರಾಳಿಯ ಲೆಕ್ಕ ಏನಿತ್ತು ಅಂತ ನೋಡಿ. ಇವತ್ತಿನ ಲೆಕ್ಕ ಬೇಡ. ಎರಡು ಗೆದ್ದು ಒಂಬತ್ತು ಸೋತವನಾ? ಮೊದಲ ಸಲ ಕೇಜಿಗೆ (ಫೈಟ್ ನಡೆಯುವ, ಸುತ್ತ ಬೇಲಿ ಇರುವ ಅಂಕಣಕ್ಕೆ) ಬಂದವನಾ? ಹಿಂದಿನ ಮೂರು ಫೈಟ್ ಏನಾಯಿತು? ಎರಡು ಸಲ ನಾಕೌಟ್ ಆಗಿ ಬಂದವನನ್ನು ಮೂರನೇ ಸಲ ನಾಕೌಟ್ ಮಾಡೋದು ದೊಡ್ಡ ವಿಷಯ ಅಲ್ಲ. ಯಾವ ತೂಕದವನು, ಎಷ್ಟು ದಿನದ ನೋಟಿಸ್‌ನಲ್ಲಿ ಬಂದ ಅಂತಲೂ ನೋಡಿ. ಬಹಳ ಜನ ಬಿಡುವ ಪ್ರಶ್ನೆ ಇನ್ನೊಂದಿದೆ: ಎದುರಾಳಿಗಳೆಲ್ಲ ಒಂದೇ ಥರದವರಾ? ಒಂಬತ್ತೂ ಜನ ನಿಂತು ಗುದ್ದಾಡುವವರೇ ಆಗಿದ್ದರೆ, ಒಬ್ಬ ಒಳ್ಳೆಯ ಕುಸ್ತಿಪಟು ಕಾಲು ಹಿಡಿದಾಗ ಇವನ ಗತಿ ಏನು ಅಂತ ಯಾರಿಗೂ ಗೊತ್ತಿಲ್ಲ.

ಯುಎಫ್‌ಸಿಯ ಎಡ್ಮನ್ ಶಾಬಾಜ್ಯಾನ್‌ಗೆ ಆಗಿದ್ದು ಹೆಚ್ಚು ಕಡಿಮೆ ಇದೇ. 11-0, ಚಿಕ್ಕ ವಯಸ್ಸು, ಮೊದಲ ರೌಂಡಿನ ಗೆಲುವುಗಳ ಸಾಲು. 2020ರ ಆಗಸ್ಟ್‌ನಲ್ಲಿ ಎದುರಿಗೆ ಬಂದವನು 36 ವರ್ಷದ ಡೆರೆಕ್ ಬ್ರನ್ಸನ್. ಕಾಲೇಜು ಕುಸ್ತಿಯಿಂದ ಬಂದವನು, ಚಾಂಪಿಯನ್ ಆಗಲಿಲ್ಲ, ಆದರೆ ಸುಲಭಕ್ಕೆ ಬಗ್ಗುವವನೂ ಅಲ್ಲ. ಮೊದಲ ರೌಂಡ್ ದಾಟಿದ ಮೇಲೆ ಬ್ರನ್ಸನ್ ಕೆಳಗೆ ಹಾಕಿಕೊಂಡು ಹೊಡೆದ, ಮೂರನೇ ರೌಂಡಿನಲ್ಲಿ ರೆಫರಿ ನಿಲ್ಲಿಸಿದ. ಗೇಟ್‌ಕೀಪರ್ ಅಂತ ಇಂಥವರನ್ನು ಸ್ವಲ್ಪ ಹಗುರವಾಗಿ ಮಾತಾಡುತ್ತಾರೆ. ನನಗಂತೂ ಇವರ ಮೇಲೆ ಗೌರವ ಜಾಸ್ತಿ. ಯಾರು ಎಷ್ಟರವರು ಅಂತ ನಮಗೆ ತಿಳಿಸುವವರೇ ಇವರು.

ಸರಿ, ವಿಡಿಯೋ ನೋಡೋದು ಹೇಗೆ? ರೀಲ್ಸ್ ಬೇಡ. ಪೂರ್ತಿ ಫೈಟ್ ಹಾಕಿ, ಸೌಂಡ್ ಮ್ಯೂಟ್ ಮಾಡಿ. ಕಾಮೆಂಟರಿಯವರು ಕಿರುಚಿದ ಕೂಡಲೇ ಗಾಳಿಯಲ್ಲಿ ಹೋದ ಪೆಟ್ಟೂ ನಮಗೆ ಬಿದ್ದಂತೆ ಕಾಣುತ್ತೆ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಕೈ ಬಿಟ್ಟು ಕಾಲು ಮಾತ್ರ ನೋಡಿ. ಹಿಂದೆ ಸರಿಯುವಾಗ ನೆಟ್ಟಗೆ ಸರಿಯುತ್ತಾನಾ, ಪಕ್ಕಕ್ಕೆ ತಿರುಗಿಕೊಳ್ಳುತ್ತಾನಾ? ಬೆನ್ನು ಕೇಜಿಗೆ ತಾಗುವ ಮುಂಚೆ ಅವನಿಗೆ ಅದು ಗೊತ್ತಾಗುತ್ತಾ, ತಾಗಿದ ಮೇಲೆ ಗೊತ್ತಾಗುತ್ತಾ?

ಒಂದು ಜಾಗ ಮಾತ್ರ ತಪ್ಪಿಸಬೇಡಿ. ನಿಮ್ಮ ಫೈಟರ್ ಕಾಲು ಹಿಡಿಯೋಕೆ ನುಗ್ಗುತ್ತಾನೆ. ಎದುರಾಳಿ ಸೊಂಟವನ್ನು ಹಿಂದಕ್ಕೆ ಎಸೆದು, ಎದೆಯ ಭಾರವನ್ನು ಇವನ ಬೆನ್ನಿನ ಮೇಲೆ ಹಾಕುತ್ತಾನೆ. ಟೇಕ್‌ಡೌನ್, ಅಂದರೆ ಕೆಳಗೆ ಕೆಡವೋದು, ಆಗಲಿಲ್ಲ. ಅಲ್ಲಿ ವಿಡಿಯೋ ನಿಧಾನ ಮಾಡಿ. ಮುಂದಿನ ಎರಡು ಸೆಕೆಂಡಿನಲ್ಲಿ ಇವನು ಏನು ಮಾಡಿದ? ಎರಡು ಕಾಲು ಬಿಟ್ಟು ಒಂಟಿ ಕಾಲಿಗೆ ಬದಲಾಯಿಸಿದನಾ? ಅದೂ ಆಗದೆ ಎದ್ದು ಸೊಂಟ ಹಿಡಿದು ಕೇಜಿಗೆ ಒತ್ತಿದನಾ? ಇಲ್ಲ, ಮಂಡಿ ಊರಿ, ತಲೆ ತಗ್ಗಿಸಿ, ಸಿಕ್ಕ ಕಾಲನ್ನು ಅಪ್ಪಿಕೊಂಡು ಸುಮ್ನೆ ಕೂತನಾ? ಒಂದು ಪಟ್ಟು ಕಲಿತವರು ಸಾವಿರ ಜನ ಸಿಗುತ್ತಾರೆ. ಮೊದಲ ಪಟ್ಟು ತಪ್ಪಿದ ಜಾಗದಿಂದಲೇ ಎರಡನೆಯದನ್ನು ಹಾಕುವವನು ಕಸುಬು ಬಲ್ಲವನು. ರೀಲ್ಸ್‌ನಲ್ಲಿ ಈ ಎರಡು ಸೆಕೆಂಡ್ ಯಾವತ್ತೂ ಇರಲ್ಲ, ಮೊದಲು ಕತ್ತರಿಸೋದೇ ಅದನ್ನು.

ಹಾಗೇ, ಮೊದಲ ಗಟ್ಟಿ ಪೆಟ್ಟು ಬಿದ್ದ ಕ್ಷಣ. ಕಣ್ಣು ಮುಚ್ಚಿ ಎರಡೂ ಕೈ ಬೀಸಲು ಶುರು ಮಾಡಿದರೆ ಅವನ ತಲೆಯಲ್ಲಿ ಆ ಹೊತ್ತಿಗೆ ಏನೂ ಇಲ್ಲ ಅಂತ. ಕೈ ಎತ್ತಿಕೊಂಡು ಪಕ್ಕಕ್ಕೆ ಸರಿದ, ಅಥವಾ ಹತ್ತಿರ ಹೋಗಿ ಅಪ್ಪಿಕೊಂಡು ಉಸಿರು ತೆಗೆದುಕೊಂಡ ಅಂದರೆ ಒಳ್ಳೆಯ ಕೋಚ್ ಕೈಯಲ್ಲಿ ಬೆಳೆದಿದ್ದಾನೆ. ರೌಂಡ್ ಮಧ್ಯೆ ಸ್ಟೂಲ್ ಮೇಲೆ ಕೂತಾಗಿನ ಒಂದು ನಿಮಿಷವನ್ನೂ ಓಡಿಸಬೇಡಿ. ಬಾಯಿ ತೆರೆದೇ ಇದೆಯಾ, ಕೋಚ್ ಮಾತಿಗೆ ತಲೆ ಆಡಿಸುತ್ತಾನಾ, ದೊಡ್ಡ ಪರದೆ ನೋಡುತ್ತಾ ಕೂತಿದ್ದಾನಾ? ರಾಹುಲ್ ರೋಸಾಸ್ ಜೂನಿಯರ್ 18 ವರ್ಷಕ್ಕೇ ಯುಎಫ್‌ಸಿಗೆ ಬಂದ ಹುಡುಗ. 2023ರ ಏಪ್ರಿಲ್‌ನಲ್ಲಿ ಕ್ರಿಶ್ಚಿಯನ್ ರೊಡ್ರಿಗಸ್ ಎದುರು ಮೊದಲ ರೌಂಡಿನಲ್ಲಿ ನುಂಗಿ ಹಾಕುವಂತೆ ಆಡಿದ. ಎರಡನೇ ರೌಂಡಿಗೆ ದಮ್ಮು ಕಟ್ಟಿತು, ಫೈಟ್ ಸೋತ. ಮೊದಲ ರೌಂಡ್ ಮಾತ್ರ ನೋಡಿ ಎದ್ದು ಹೋದವನು, ಹುಡುಗ ಗೆದ್ದ ಅಂತಲೇ ಎಲ್ಲರಿಗೂ ಹೇಳುತ್ತಿದ್ದ.

ಮೊದಲ ರೌಂಡಿನ ಗೆಲುವುಗಳ ಅಪಾಯಕ್ಕೆ ದೊಡ್ಡ ಹೆಸರು ರೊಂಡಾ ರೌಸಿ. ಬಿಲ್ಡಪ್ ಅಂತ ಯಾರೂ ಹೇಳೋಕಾಗಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು, ಆಮೇಲೆ ಯುಎಫ್‌ಸಿ ಚಾಂಪಿಯನ್. 12 ಗೆಲುವಿನಲ್ಲಿ 11 ಮೊದಲ ರೌಂಡಿನಲ್ಲೇ. ಅಪ್ಪಿಕೊ, ಎಸೆ, ಕೈ ಮುರಿಯುವ ಹಿಡಿತ ಹಾಕು. ಇದನ್ನು ತಡೆಯುವವರೇ ಇರಲಿಲ್ಲ. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಹಾಲಿ ಹೋಮ್ ಸಿಕ್ಕರು, ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಹೋಮ್ ಅಪ್ಪಿಕೊಳ್ಳೋಕೆ ಬಿಡಲಿಲ್ಲ. ಸುತ್ತುತ್ತಾ ಹೊಡೆಯುತ್ತಾ ಹೋದರು. ರೌಸಿ ಅದೇ ದಾರಿಯಲ್ಲಿ ಮತ್ತೆ ಮತ್ತೆ ನುಗ್ಗಿದರು, ಎರಡನೇ ರೌಂಡಿನಲ್ಲಿ ತಲೆಗೆ ಒದೆ ಬಿದ್ದು ಮುಗಿಯಿತು. ಅಷ್ಟು ವರ್ಷ ಎರಡನೇ ಯೋಜನೆ ಬೇಕಾಗಿರಲೇ ಇಲ್ಲ, ಬೇಕಾದ ದಿನ ಇರಲಿಲ್ಲ. ಬೆಟ್ಟಿಂಗ್ ಲೆಕ್ಕದಲ್ಲಿ ಆವತ್ತು ರೌಸಿಯೇ ಭಾರಿ ಮುಂದಿದ್ದರು. ಅಂದಹಾಗೆ, ‘ಬೆಟ್ಟಿಂಗ್ ದರ ನೋಡಿದರೆ ಗೊತ್ತಾಗುತ್ತಲ್ಲ’ ಅಂತ ನಿಮ್ಮಲ್ಲಿ ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ಆ ದರದಲ್ಲಿ ಅಭಿಮಾನಿಗಳ ಪ್ರೀತಿಯೂ ಸೇರಿರುತ್ತೆ. ಆಪ್‌ಗೆ ದುಡ್ಡು ಹಾಕುವ ತಂಟೆಯಂತೂ ಬೇಡವೇ ಬೇಡ. ಸೋತವರು ಬಿರಿಯಾನಿ ಕೊಡಿಸಿ, ಸಾಕು.

ಸೊನ್ನೆ ಸೋಲು ಅನ್ನೋದಕ್ಕೆ ನಾವು ಕೊಡುವ ಬೆಲೆಯೂ ಜಾಸ್ತಿಯಾಯಿತು. ಚಾರ್ಲ್ಸ್ ಒಲಿವೇರಾ 2021ರ ಮೇನಲ್ಲಿ ಚಾಂಪಿಯನ್ ಆದಾಗ ಅವನ ಹೆಸರಿನಲ್ಲಿ 8 ಸೋಲಿತ್ತು. ಅಲೆಕ್ಸ್ ಪೆರೇರಾ ತನ್ನ ಮೊದಲ ಎಂಎಂಎ ಫೈಟನ್ನೇ ಸೋತವನು, 2022ರಲ್ಲಿ ಆಗಿನ ಚಾಂಪಿಯನ್ ಅಡೆಸಾನ್ಯಾನನ್ನು ಹೊಡೆದು ಬೆಲ್ಟ್ ತೆಗೆದುಕೊಂಡ. 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್. ಅವರೂ ಅದಕ್ಕೆ ಮುಂಚೆ ಒನ್ ಚಾಂಪಿಯನ್‌ಶಿಪ್ ಅನ್ನೋ ಇನ್ನೊಂದು ಸಂಸ್ಥೆಯ ಫೈಟ್‌ಗಳಲ್ಲಿ ಸೋತು ಬಂದವರೇ. ಹಲವು ವರ್ಷ ಯುಎಫ್‌ಸಿ ಚಾಂಪಿಯನ್ ಆಗಿದ್ದ ಜಾನ್ ಜೋನ್ಸ್ ಲೆಕ್ಕದಲ್ಲಿರುವ ಒಂದೇ ಒಂದು ಸೋಲು 2009ರದ್ದು. ಗೆಲ್ಲುತ್ತಿದ್ದ ಫೈಟಿನಲ್ಲಿ ನಿಯಮಕ್ಕೆ ವಿರುದ್ಧವಾಗಿ ಮೊಣಕೈ ಹೊಡೆದ ಅಂತ ಅನರ್ಹ ಮಾಡಿದ್ದು. ಅಂಕಿ ಮಾತ್ರ ಓದುವವನಿಗೆ ಇದ್ಯಾವುದೂ ಕಾಣಲ್ಲ.

ಜಿಮ್ ಕಥೆಗಳನ್ನು ಪೂರ್ತಿ ಪಕ್ಕಕ್ಕಿಡಿ. ‘ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಗುದ್ದಾಟದಲ್ಲಿ) ಚಾಂಪಿಯನ್‌ಗೇ ನೀರು ಕುಡಿಸಿದನಂತೆ’ ಅನ್ನುವ ‘ಅಂತೆ’ಗಳಿಗೆ ಕೊನೆಯಿಲ್ಲ. ಕಿಂಬೋ ಸ್ಲೈಸ್ ಬೀದಿ ಜಗಳದ ವಿಡಿಯೋಗಳಿಂದಲೇ ಅಮೆರಿಕದಲ್ಲಿ ಮನೆಮಾತಾದವನು. 2008ರ ಅಕ್ಟೋಬರ್‌ನಲ್ಲಿ, ಕೊನೇ ಗಳಿಗೆಯಲ್ಲಿ ಬದಲಿಯಾಗಿ ಬಂದ ಸೆತ್ ಪೆಟ್ರುಜೆಲಿ ಅವನನ್ನು 14 ಸೆಕೆಂಡಿನಲ್ಲಿ ಮುಗಿಸಿದ.

ಇನ್ನು ನಿಮ್ಮ ಫೈಟರ್. ಒಂಬತ್ತೂ ಫೈಟ್ ಪೂರ್ತಿ ನೋಡಿದೆ. ಮೊದಲ ಐದು ಎದುರಾಳಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ, ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ ಇದ್ದವರು. ಕೊನೆಯ ಇಬ್ಬರು ಪರವಾಗಿಲ್ಲ, ಆದರೆ ಅದರಲ್ಲೊಬ್ಬ ಕಡಿಮೆ ನೋಟಿಸ್‌ನಲ್ಲಿ ಬಂದವನು. ನಿಮ್ಮ ಸ್ನೇಹಿತರು ತೋರಿಸಬೇಕಾದದ್ದು ಏಳನೇ ಫೈಟನ್ನು, ಅದೂ ಆ ನಾಕೌಟ್ ಬಿಟ್ಟು. ಅದಕ್ಕಿಂತ ಮುಂಚೆ, ಎರಡನೇ ನಿಮಿಷದಲ್ಲಿ ಅವನು ಕೆಳಗೆ ಬೀಳುತ್ತಾನೆ. ಅಲ್ಲಿ ಗಾಬರಿಯಿಲ್ಲ. ಎದುರಾಳಿಯ ಒಂದು ಕೈ ಹಿಡಿದು, ಸೊಂಟ ಹೊರಳಿಸಿ, ಕೇಜಿಗೆ ಬೆನ್ನು ಕೊಟ್ಟು ಎದ್ದು ನಿಲ್ಲುತ್ತಾನೆ. ಕೆಳಗೆ ಬಿದ್ದಾಗ ಏನು ಮಾಡಬೇಕು ಅಂತ ಯಾರೋ ಅವನಿಗೆ ಚೆನ್ನಾಗಿ ಕಲಿಸಿದ್ದಾರೆ. ಇಷ್ಟು ನಿಮ್ಮ ‘ಬರೀ ಬಿಲ್ಡಪ್’ ವಾದಕ್ಕೆ ವಿರುದ್ಧ. ನಿಮ್ಮ ಕಡೆಗೂ ಒಂದಿದೆ. ಅವನ ಎಡಗೈ ಪ್ರತಿ ಸಲ ಗುದ್ದಿದ ಮೇಲೆ ಎದೆಯ ಮಟ್ಟಕ್ಕೆ ವಾಪಸ್ ಬರುತ್ತೆ, ಮುಖಕ್ಕೆ ಬರಲ್ಲ. ಇಲ್ಲಿಯವರೆಗೆ ಅದಕ್ಕೆ ಬೆಲೆ ಕಟ್ಟಿಸಿದವರಿಲ್ಲ. ಬಲಗೈ ಚೆನ್ನಾಗಿರುವವನು ಸಿಕ್ಕ ದಿನ ಕಟ್ಟಬೇಕಾಗುತ್ತೆ. ನನ್ನ ಅಂದಾಜು: ಅವನ ತೂಕದ ಟಾಪ್ 15ರೊಳಗೆ ಬರುವ ಹುಡುಗ, ಚಾಂಪಿಯನ್ ಅನ್ನೋಕೆ ಈಗ ಕಾರಣ ಸಾಲದು. ಮುಂದಿನ ಜೋಡಿ ಗಟ್ಟಿ ಕುಸ್ತಿಪಟುವಾಗಿದ್ದು, ಫೈಟ್ ಎರಡನೇ ರೌಂಡ್ ದಾಟಿದರೆ ಮತ್ತೆ ಕೇಳಿ.

ಕೊನೆಯದಾಗಿ ಊರಿನ ಹುಡುಗನ ಫ್ಲೆಕ್ಸ್. ನಮ್ಮಲ್ಲಿ ‘ನ್ಯಾಷನಲ್’ ಹೆಸರಿನಲ್ಲಿ ಪಂದ್ಯ ನಡೆಸುವ ಸಂಘಟನೆಗಳು ಒಂದಕ್ಕಿಂತ ಜಾಸ್ತಿ ಇವೆ. ಕೆಲವು ಕಡೆ ಒಂದು ತೂಕದಲ್ಲಿ ಇಬ್ಬರೋ ಮೂವರೋ ಇರುತ್ತಾರೆ, ಒಂದೇ ಫೈಟಿಗೆ ಗೋಲ್ಡ್ ಬರುತ್ತೆ. ಅಮೆಚೂರ್ ನಿಯಮವೂ ಬೇರೆ. ಸಾಮಾನ್ಯವಾಗಿ ಮೂರು ನಿಮಿಷದ ರೌಂಡ್, ಕಾಲಿಗೆ ಶಿನ್ ಗಾರ್ಡ್, ಮೊಣಕೈ ಪೆಟ್ಟಿಲ್ಲ. ಹಾಗಂತ ಫ್ಲೆಕ್ಸ್ ನೋಡಿ ನಗಬೇಡಿ. ಆ ಹುಡುಗನಿಗೆ ಸ್ಪಾನ್ಸರ್ ಸಿಗಬೇಕಾದರೆ ಇಂಥದ್ದೇನಾದರೂ ಮಾಡಲೇಬೇಕು, ಬಸ್ ಚಾರ್ಜನ್ನೂ ಸ್ವಂತ ಜೇಬಿನಿಂದ ಹಾಕಿಕೊಂಡು ಹೋಗುವವರೇ ಜಾಸ್ತಿ. ಎದುರಿಗೆ ಸಿಕ್ಕಾಗ ಮರ್ಯಾದೆಯಿಂದ ಎರಡು ಪ್ರಶ್ನೆ ಕೇಳಿ: ನಿಮ್ಮ ತೂಕದಲ್ಲಿ ಎಷ್ಟು ಜನ ಇದ್ದರು, ಗೋಲ್ಡ್ ಬರೋಕೆ ಎಷ್ಟು ಫೈಟ್ ಆಡಿದಿರಿ? ನಾಲ್ಕು ಆಡಿದೆ ಅಂದರೆ ಫೈನಲ್ ವಿಡಿಯೋ ಇಸಿದುಕೊಂಡು ನನಗೂ ಕಳಿಸಿ. ಪೂರ್ತಿ ಇರಲಿ, ಹಾಡು ಹಾಕಿ ಕಟ್ ಮಾಡಿದ್ದು ಬೇಡ.